ದೀಪ ಆರಿಸದೆ ಆಗದ ಕೆಲಸ

ನಯಾಜ್ ಅಹಮದ್‌ಗೆ ಸುಸ್ತು ಮೊದಲು ಮಂಡಿಗೆ ಹತ್ತುತ್ತದೆ, ಆಮೇಲೆ ಸೊಂಟಕ್ಕೆ, ಕೊನೆಗೆ ಮನಸ್ಸಿಗೆ. ಈಗೀಗ ಬೆಳಗಿನ ಟೀ ಮುಗಿಯುವುದರೊಳಗೆ ಮೂರಕ್ಕೂ ಹತ್ತಿರುತ್ತದೆ. ತುಮಕೂರಿನ ಗುಬ್ಬಿ ಗೇಟಿನಿಂದ ಸ್ವಲ್ಪ ಮುಂದೆ, ತಗಡಿನ ಶೆಡ್ಡೊಂದರಲ್ಲಿ ಅವನ ಆಟೋ ಎಲೆಕ್ಟ್ರಿಕಲ್ ಅಂಗಡಿ. ಜನ ಅವನನ್ನು ವೈರಿಂಗ್ ಸಾಬ್ರು ಅಂತಲೇ ಕರೆಯುವುದು. ಬಾನೆಟ್ಟಿನೊಳಗೆ ತಲೆ ತೂರಿಸಿ, ಇಲ್ಲವೇ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಕಾಲನ್ನು ಬಾಗಿಲಾಚೆ ಚಾಚಿ ಆಯಸ್ಸು ಸವೆಸಿದ ಮನುಷ್ಯ. ಎಷ್ಟೋ ಗಿರಾಕಿಗಳಿಗೆ ಅವನ ಮುಖಕ್ಕಿಂತ ಅಂಗಾಲಿನ ಪರಿಚಯವೇ ಜಾಸ್ತಿ.

ಹರೆಯದಲ್ಲಿ ಅವನು ಕಲಿತದ್ದು ಮೈಕ್ ಕಟ್ಟುವ ಕೆಲಸ. ಅಂಬಾಸಿಡರ್ ಕಾರಿನ ನೆತ್ತಿಯ ಮೇಲೆ ಎರಡು ಕಹಳೆ ಬಿಗಿದು, ಹಿಂದಿನ ಸೀಟಿನಲ್ಲಿ ಆಂಪ್ಲಿಫೈಯರ್ ಕೂರಿಸಿ, ಬ್ಯಾಟರಿಯಿಂದ ವೈರು ಎಳೆದರೆ ಕಾರು ಊರಿಗೆ ಕೇಳುವ ಹಾಗೆ ಮಾತಾಡುತ್ತಿತ್ತು. ರೈತರ ಜಾಥಾ, ಬಗರ್‌ಹುಕುಂ ಧರಣಿ, ಬೀಡಿ ಕಟ್ಟುವ ಹೆಂಗಸರ ಮೆರವಣಿಗೆ, ಉರುಸು, ಗಣೇಶ, ಎಲೆಕ್ಷನ್ನು, ಎಲ್ಲಕ್ಕೂ ಕಟ್ಟಿದ್ದಾನೆ. ಕೂಗುವವನ ಗಂಟಲು ಯಾವ ಪಕ್ಷದ್ದು ಅಂತ ವೈರು ಕೇಳುವುದಿಲ್ಲ; ಇವನೂ ಕೇಳುತ್ತಿರಲಿಲ್ಲ. ಪೊಲೀಸರು ಲಾಠಿ ಎತ್ತಿದಾಗ ಭಾಷಣದವರು ಓಡಿಹೋಗಿ, ಆಂಪ್ಲಿಫೈಯರ್ ಕಾಯುತ್ತಾ ಕೂತ ಇವನು ಬೆನ್ನು ಕೊಟ್ಟದ್ದೂ ಉಂಟು.

ಈಗಿನ ಕಾರುಗಳು ಊರಿನ ಜತೆ ಮಾತಾಡುವುದಿಲ್ಲ, ತಮ್ಮೊಳಗೇ ಮಾತಾಡಿಕೊಳ್ಳುತ್ತವೆ. ಚಕ್ರ ಎಷ್ಟು ತಿರುಗಿತು ಅಂತ ಬ್ರೇಕಿನ ಪೆಟ್ಟಿಗೆ ಮೀಟರಿಗೆ ಹೇಳುತ್ತದೆ, ಇಂಜಿನ್ನು ಗೇರಿಗೆ ಹೇಳುತ್ತದೆ, ಯಾರೋ ಗುದ್ದಿದರೆ ಗಾಳಿಚೀಲಕ್ಕೆ, ಅಂದರೆ ಏರ್‌ಬ್ಯಾಗಿಗೆ, ಸುದ್ದಿ ಹೋಗುತ್ತದೆ. ಈ ಪೆಟ್ಟಿಗೆಗಳ ಮಾತುಕತೆಯೆಲ್ಲ ಓಡಾಡುವುದು ಜಡೆಯ ಹಾಗೆ ಒಂದಕ್ಕೊಂದು ಹೊಸೆದ ಎರಡು ಸಣ್ಣ ತಂತಿಗಳಲ್ಲಿ. ಆ ಎರಡರಲ್ಲಿ ಒಂದಕ್ಕೆ ಏಟು ಬಿದ್ದರೆ ಕಾರಿನೊಳಗೆ ಯಾರಿಗೆ ಯಾರೂ ಇಲ್ಲ. ಇಂಜಿನ್ನು ಸರಿಯಿರುತ್ತದೆ, ಬ್ಯಾಟರಿ ಸರಿಯಿರುತ್ತದೆ, ಕಾರು ಮಾತ್ರ ನಡುರಸ್ತೆಯಲ್ಲಿ ಮುಷ್ಕರ ಕೂರುತ್ತದೆ.

ಇದನ್ನು ಅವನಿಗೆ ಕಲಿಸಿದ್ದು ಮಗಳು ಅಂಬ್ರೀನ್. ಡಿಪ್ಲೊಮಾ ಮುಗಿಸಿ ಐಟಿಐ ಒಂದರಲ್ಲಿ ಪಾಠ ಹೇಳುತ್ತಾಳೆ. ಅಡುಗೆಮನೆಯ ನೆಲದ ಮೇಲೆ ಹಾಳೆ ಹಾಸಿ ಚಿತ್ರ ಬರೆದು ಅಪ್ಪನಿಗೆ ಹೇಳಿಕೊಡುತ್ತಿದ್ದಳು. ಅಪ್ಪ ಅರ್ಧ ಪಾಠಕ್ಕೆ ಗೋಡೆಗೊರಗಿ ನಿದ್ದೆ ಹೋಗುತ್ತಿದ್ದ. ಹೆಂಡತಿ ತಾಜುನ್ನೀಸಾ ಇನ್ನು ಸಾಕು, ಶೆಡ್ಡಿಗೆ ಬೀಗ ಹಾಕಿ ಅನ್ನುತ್ತಿದ್ದಳು. ಅವಳು ಇವತ್ತಿಗೂ ಅದನ್ನೇ ಅನ್ನುತ್ತಾಳೆ. ಕಲಿಯಲು ಅವನಿಗೇನೂ ಹುಮ್ಮಸ್ಸಿರಲಿಲ್ಲ. ಕಲಿತದ್ದು ಹೆದರಿಕೆಯಿಂದ, ಕುಣಿಗಲ್ಲಿನ ತೌಹೀದನ ಕಿವಿ ನೋಡಿ.

ತೌಹೀದ್ ತಾಜುನ್ನೀಸಾಳ ತಮ್ಮ. ಅವನದೂ ಇದೇ ಕಸುಬಾಗಿತ್ತು. ಒಂದು ಬಲ್ಬು, ಅದಕ್ಕೆ ಎರಡು ವೈರು, ಒಂದರ ತುದಿಗೆ ಸೂಜಿ. ಕರೆಂಟ್ ಎಲ್ಲಿದೆ ಅಂತ ಹುಡುಕಲು ಸೂಜಿಯನ್ನು ತಂತಿಗೆ ಚುಚ್ಚಿ ನೋಡುವುದು ಈ ಕಸುಬಿನವರೆಲ್ಲರ ಚಾಳಿ. ಹಳೆಯ ಕಾರಿನಲ್ಲಿ ಅದು ನಡೆಯುತ್ತಿತ್ತು. ತೌಹೀದ್ ಹೊಸ ಕಾರೊಂದರ ಸ್ಟೇರಿಂಗ್ ಕೆಳಗೆ ಹಳದಿ ಕೊಳವೆ ಹಾಕಿದ ತಂತಿಗೆ ಹಾಗೇ ಚುಚ್ಚಿದ. ಅದು ಗಾಳಿಚೀಲದ ತಂತಿ. ಬಲ್ಬಿಗೆ ಬೇಕಾದಷ್ಟು ಕರೆಂಟೇ ಚೀಲಕ್ಕೆ ಅಪಘಾತದ ಸುದ್ದಿಯಾಯಿತು. ಮುಖದ ಮೇಲೆ ಮದ್ದು ಸಿಡಿದ ಹಾಗೆ ಚೀಲ ಸಿಡಿದು, ಒಂದು ಕಿವಿ ಶಾಶ್ವತವಾಗಿ ಮುಚ್ಚಿತು. ಈಗ ಅವನು ಕುಣಿಗಲ್ ಬಸ್‌ಸ್ಟ್ಯಾಂಡಿನ ಬಳಿ ಹಣ್ಣಿನ ಗಾಡಿ ಇಟ್ಟುಕೊಂಡಿದ್ದಾನೆ. ಗಿರಾಕಿ ಎಡಗಡೆಯಿಂದ ಕೇಳಿದರೆ ಕೇಳಿಸುವುದಿಲ್ಲ. ಆವತ್ತೇ ನಯಾಜ್ ತನ್ನ ಬಲ್ಬನ್ನು ಚರಂಡಿಗೆ ಎಸೆದ. ಬ್ಯಾಟರಿ ಕಳಚದೆ ಸ್ಟೇರಿಂಗ್ ಕೆಳಗೆ ಕೈ ಹಾಕುವುದಿಲ್ಲ ಅಂತ ಅಂದಿನಿಂದ ಕಟ್ಟುಮಾಡಿಕೊಂಡ. ಈ ಕಟ್ಟು ಯಾರಿಗಾದರೂ ತೊಂದರೆ ಕೊಡಬಹುದು ಅಂತ ಅವನಿಗೆ ಅನ್ನಿಸಿರಲಿಲ್ಲ, ನರಸಿಂಹಮ್ಮ ಬರುವತನಕ.

ನರಸಿಂಹಮ್ಮ ಬಂದದ್ದು ಮಗ ಭೀಮರಾಜನ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಕೊಂಡು. ಕಾರನ್ನು ಜನ ತಳ್ಳಿಕೊಂಡು ಬಂದಿದ್ದರು. ಮಟಮಟ ಮಧ್ಯಾಹ್ನ. ಭೀಮರಾಜನ ಊರು ಗುಬ್ಬಿ ಕಡೆ, ಬಿದರೆಹಳ್ಳಿ ಕಾವಲ್‌ನ ಪಕ್ಕ. ಕಾರನ್ನು ಬಾಡಿಗೆಗೆ ಓಡಿಸುತ್ತಾನೆ. ತಾಯಿಯ ಎರಡೂ ಕಿಡ್ನಿ ಕೈಬಿಟ್ಟಿವೆ. ದಿನ ಬಿಟ್ಟು ದಿನ ಮುಂಜಾನೆ ತುಮಕೂರಿಗೆ ಕರೆತಂದು, ಡಯಾಲಿಸಿಸ್ ಮೆಷಿನ್ನಿಗೆ ಹಾಕಿಸಿ, ಮಧ್ಯಾಹ್ನ ವಾಪಸ್ ಕರೆದೊಯ್ಯುವುದು ಅವನ ಪಾಡು. ಆವತ್ತೂ ರಕ್ತ ತೊಳೆಸಿಕೊಂಡು ಹೊರಟಿದ್ದರು. ಗುಬ್ಬಿ ಗೇಟಿನ ಹಂಪು ಹಾರಿದ್ದೇ ತಡ, ಮೀಟರಿನ ಮುಳ್ಳು ಸೊನ್ನೆಗೆ ಬಿತ್ತು, ಕೆಂಪು ಹಳದಿ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು, ಇಂಜಿನ್ನು ನಿಂತಿತು.

ಇದು ಮೊದಲ ಸಲವೇನಲ್ಲ. ಹೋದ ವಾರ ಹೆಗ್ಗೆರೆ ಹತ್ತಿರ ಹೀಗೇ ನಿಂತು, ಹಿಂದೆ ಬಂದ ಜಲ್ಲಿ ಲಾರಿ ಕೂದಲೆಳೆಯಲ್ಲಿ ತಪ್ಪಿತ್ತು. ಆವತ್ತಿನ ಡಯಾಲಿಸಿಸ್ ತಪ್ಪಿಹೋಯಿತು. ರಾತ್ರಿಯಾಗುವಷ್ಟರಲ್ಲಿ ಮುದುಕಿಯ ಎದೆಗೂಡಿನಲ್ಲಿ ನೀರು ತುಂಬಿ ಉಸಿರು ಸಿಕ್ಕಿಕೊಂಡಿತ್ತು. ಇನ್ನೊಂದು ಸಲ ತಪ್ಪಿಸಿದರೆ ನಾವು ಜವಾಬ್ದಾರರಲ್ಲ ಅಂತ ಡಾಕ್ಟರು ಖಡಾಖಂಡಿತ ಹೇಳಿ ಕಳಿಸಿದ್ದರು. ಬಸ್ಸಿನಲ್ಲಿ ಕರೆದೊಯ್ಯಲು ಹೋಗಿ ಅವಳು ಮೆಟ್ಟಿಲ ಮೇಲೇ ತಲೆಸುತ್ತಿ ಬಿದ್ದದ್ದೂ ಆಗಿತ್ತು. ಶೋರೂಮಿನವರು ಮುಂದಿನ ವಾರ ಬನ್ನಿ ಅಂದಿದ್ದರು. ಅವಳಿಗೆ ಮುಂದಿನ ವಾರ ಅನ್ನುವುದು ಬಹಳ ದೂರದ ಮಾತು.

ಇಷ್ಟನ್ನೂ ಭೀಮರಾಜ ಒಂದೇ ಉಸಿರಿನಲ್ಲಿ ಹೇಳಿ, "ನಾಡಿದ್ದು ಬೆಳಿಗ್ಗೆ ಇದು ಓಡ್ಲೇಬೇಕು ನಯಾಜಣ್ಣ. ಏನಾರ ಮಾಡು," ಅಂದ.

ನಯಾಜ್ ಮಂಡಿಯೂರಿ, ಮುಟ್ಟದೆ, ಟಾರ್ಚಿನ ಬೆಳಕು ಬಿಟ್ಟು ಸ್ಟೇರಿಂಗ್ ಕೆಳಗೆ ನೋಡಿದ. ನೋಡಿದ ಕೂಡಲೇ ಅರ್ಥವಾಯಿತು. ಡ್ಯಾಶ್‌ಬೋರ್ಡಿನ ಮೇಲೆ ಸೀಬಿ ನರಸಿಂಹಸ್ವಾಮಿಯ ಹಿತ್ತಾಳೆ ಪಟ. ಅದರ ಮುಂದೆ ಎಣ್ಣೆ ಹಣತೆಯ ಆಕಾರದ ಪುಟಾಣಿ ಎಲ್‌ಇಡಿ ದೀಪ, ಉರಿಯುತ್ತಲೇ ಇತ್ತು. ಕೀಲಿ ತೆಗೆದರೂ ಉರಿಯುತ್ತಿತ್ತು. ದೀಪದ ವೈರು ಸಂದಿಯಲ್ಲಿ ಇಳಿದು, ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಹೋಗಿತ್ತು. ಶೋರೂಮಿನವರು ತಮ್ಮ ಕಂಪ್ಯೂಟರ್ ಚುಚ್ಚಿ ಕಾರಿನ ಕಾಯಿಲೆ ಕೇಳುವ ಸಾಕೆಟ್ ಅದು. ಅಲ್ಲಿ ಸದಾ ಕರೆಂಟ್ ಇರುತ್ತದೆ. ಅದರ ಪಕ್ಕದ ತೂತುಗಳಲ್ಲೇ ಆ ಜಡೆ ತಂತಿಗಳ ತುದಿಯೂ ಇರುತ್ತದೆ. ಬೆಂಕಿಕಡ್ಡಿ ತುರುಕಿ ಬಿಗಿ ಮಾಡಿದ್ದ ದೀಪದ ವೈರಿನಿಂದ ತಾಮ್ರದ ಎಳೆಯೊಂದು ಕೆದರಿ ನಿಂತಿತ್ತು. ಕಾರು ಕುಲುಕಿದಾಗೆಲ್ಲ ಅದು ಪಕ್ಕದ ತೂತಿಗೆ ಮುತ್ತಿಕ್ಕುತ್ತಿತ್ತು; ಇಕ್ಕಿದಾಗೆಲ್ಲ ಪೆಟ್ಟಿಗೆಗಳ ಮಾತು ಬಂದ್. ಸಾಲದ್ದಕ್ಕೆ ಹಿಂದುಗಡೆ ಜಡೆ ತಂತಿಯ ಮೈಯನ್ನು ಯಾರೋ ಬ್ಲೇಡಿನಲ್ಲಿ ಹೆರೆದಿದ್ದರು. ಒಂದು ತಂತಿ ಅರ್ಧ ತುಂಡಾಗಿ ನೇತಾಡುತ್ತಿತ್ತು.

ಹೆರೆದವನು ಭೀಮರಾಜನೇ. ಆಯುಧಪೂಜೆಯ ದಿನ ದೀಪ ತಂದು, ಕರೆಂಟ್ ಎಲ್ಲಿ ಸಿಕ್ಕುತ್ತದೋ ಅಂತ ಒಂದೊಂದೇ ತಂತಿ ಹೆರೆದು ನೋಡಿದ್ದ. ಸಿಕ್ಕದಿದ್ದಾಗ, ಸಾಕೆಟ್ಟಿಗೆ ಸಿಕ್ಕಿಸು ಅಂತ ಹೇಳಿಕೊಟ್ಟದ್ದು ದೀಪ ಮಾರಿದ ಸಂತೋಷ್. ನಯಾಜನ ಶೆಡ್ಡಿನ ಪಕ್ಕದ ಮಳಿಗೆಯಲ್ಲೇ ಸೀಟ್ ಕವರು, ಮ್ಯಾಟು, ದೇವರ ದೀಪ ಮಾರುವವನು ಅವನು.

ನಯಾಜ್ ಎದ್ದು, ಬ್ಯಾಟರಿ ಕಳಚಬೇಕು, ಅಮ್ಮನ್ನ ಇಳಿಸು ಅಂದ. ಭೀಮರಾಜನ ಮುಖ ಸಣ್ಣದಾಯಿತು. ಅವನು ನಯಾಜನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಹೇಳಿದ್ದಿಷ್ಟು: ಆ ದೀಪ ಅವ್ವನ ಹರಕೆ. ಮೆಷಿನ್ನಿಗೆ ಹೋಗಲು ಶುರು ಮಾಡಿದಾಗ, ಆಯುಧಪೂಜೆಯ ದಿನ ಹಚ್ಚಿದ್ದು, ಅಂದಿನಿಂದ ಆರಿಲ್ಲ. ಅದು ಉರಿಯುವಷ್ಟು ದಿನ ತಾನು ಉಸಿರಾಡುತ್ತೇನೆ ಅಂತ ಅವಳು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಾಳೆ. ಆಸ್ಪತ್ರೆಯಲ್ಲಿ ಅವಳ ಪಕ್ಕದ ಮಂಚದಲ್ಲಿ ಮೆಷಿನ್ನಿಗೆ ಮಲಗುತ್ತಿದ್ದ ವನಜಮ್ಮ ಹೋದ ತಿಂಗಳು ತೀರಿಕೊಂಡ ಮೇಲಂತೂ ಗಂಟು ಇನ್ನೂ ಬಿಗಿಯಾಗಿದೆ. ಹಾಗಾಗಿ ಬ್ಯಾಟರಿ ಇರುವಂತೆಯೇ ಆ ತುಂಡು ತಂತಿಗೆ ಸುತ್ತಿ ಟೇಪು ಹಾಕಿಬಿಡು. ಇಲ್ಲಾ, ಅವಳನ್ನು ಟೀ ಕುಡಿಸಲು ಆಚೆ ಕರೆದೊಯ್ಯುತ್ತೇನೆ, ಅಷ್ಟರಲ್ಲಿ ಬ್ಯಾಟರಿ ಕಳಚಿ ಕೆಲಸ ಮುಗಿಸಿ ಮತ್ತೆ ಹಾಕಿಬಿಡು.

ನಯಾಜ್‌ಗೆ ವಾದ ಮಾಡಲು ತ್ರಾಣವಿರಲಿಲ್ಲ. ಜಡೆ ತಂತಿಯ ಪಕ್ಕದಲ್ಲೇ ಹಳದಿ ಕೊಳವೆ ಹಾದುಹೋಗಿತ್ತು. ಅವನಿಗೆ ತೌಹೀದನ ಕಿವಿ ನೆನಪಾಯಿತು. ಸುತ್ತಿ ಟೇಪು ಹಾಕಿದ ತಂತಿ ಮತ್ತೆ ಬಿಟ್ಟುಕೊಳ್ಳುವುದು ಲಾರಿ ಬರುವ ಹೊತ್ತಿಗೇ. ಇನ್ನು ಕದ್ದು ಕಳಚುವುದೆಂದರೆ, ಕಳಚಿದ ಕೂಡಲೇ ಕೈ ಹಾಕುವ ಹಾಗಿಲ್ಲ. ಚೀಲದ ಪೆಟ್ಟಿಗೆಯಲ್ಲಿ ಉಳಿದ ಕರೆಂಟ್ ಇಳಿಯಲು ಕಾಯಬೇಕು, ಆಮೇಲೆ ಕೆಲಸ. ಟೀ ಕುಡಿದು ಮುಗಿಸುವ ಹೊತ್ತಲ್ಲ ಅದು. ಆಗಲ್ಲ ಭೀಮಣ್ಣ, ಬೇರೆ ಯಾರಿಗಾದರೂ ತೋರಿಸು ಅಂದುಬಿಟ್ಟ. ಹಾಗೆ ಅಂದಾಗ ಅವನಿಗೆ ಹಾಯೆನಿಸಿತು ಕೂಡ. ಕಾರು ತಳ್ಳಿಕೊಂಡು ಹೋಗಲಿ, ಒಂದು ಗಳಿಗೆ ಬೆಂಚಿನ ಮೇಲೆ ಅಡ್ಡಾಗಬಹುದು.

ಅಷ್ಟರಲ್ಲಿ ಸಂತೋಷ್ ಬಂದ. ದೀಪದಿಂದ ಕಾರು ಕೆಟ್ಟಿತು ಅನ್ನುವ ಮಾತು ಅವನ ಕಿವಿಗೆ ಬಿದ್ದಿತ್ತು. ತನ್ನ ದೀಪದಿಂದ ಇಂದಿನತನಕ ಒಂದು ಕಾರೂ ಕೆಟ್ಟಿಲ್ಲ ಅಂತ ಶುರು ಮಾಡಿದವನು, ದೀಪದಿಂದ ದೇವರಿಗೆ ಹಾರಿದ. "ದೇವ್ರ ದೀಪ ಆರ್ಸು ಅಂತ ಹೇಳೋಕೆ ನೀವ್ಯಾರು ನಯಾಜ್ ಭಾಯ್? ನಿಮ್ಮ ಮಸೀದಿ ಮೈಕ್ ವೈರು ಯಾರಾದ್ರೂ ಕಿತ್ತಾಕಿದ್ರೆ ಸುಮ್ನಿರ್ತೀರಾ?"

ಮಾತಿನಲ್ಲಿ ನೇರ ಬೈಗುಳವಿರಲಿಲ್ಲ. ಆದರೆ ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದ ಇಬ್ಬರು ಗ್ಲಾಸು ಕೆಳಗಿಟ್ಟು ಇತ್ತ ತಿರುಗಿದರು. ಕಾರು ತಳ್ಳಿಕೊಂಡು ಬಂದವರಲ್ಲಿ ಒಬ್ಬ ಫೋನು ಜೇಬಿನಿಂದ ತೆಗೆದ. ನಯಾಜ್ ಈ ಊರಿನಲ್ಲಿ ಹುಟ್ಟಿದವನು, ಸಂತೋಷನ ಅಪ್ಪನ ಲೂನಾಗೆ ವೈರಿಂಗ್ ಮಾಡಿಕೊಟ್ಟವನು. ಹತ್ತು ವರ್ಷದ ಹಿಂದಾಗಿದ್ದರೆ ಸಂತೋಷನ ಬೆನ್ನಿಗೆ ಒಂದು ಗುದ್ದು ಹಾಕಿ ಹೋಗಲೇ ಅನ್ನುತ್ತಿದ್ದ. ಈಗ ಮಾತನ್ನು ಚಿನ್ನದ ಹಾಗೆ ತೂಗಬೇಕು. ಅವನು ಚಿಂದಿಯಿಂದ ಕೈ ಒರೆಸಿಕೊಳ್ಳುತ್ತಾ ನಿಂತ. ಕೈಯಲ್ಲಿ ಒರೆಸುವಂಥದ್ದೇನೂ ಇರಲಿಲ್ಲ.

ಹಿಂದಿನ ಸೀಟಿನಿಂದ ನರಸಿಂಹಮ್ಮ ಎದ್ದು ಕೂತಳು. ಮಲಗಿದ್ದವಳಿಗೆ ಎಲ್ಲವೂ ಕೇಳಿಸಿತ್ತು, ಮಗ ಗುಟ್ಟಾಗಿ ಹೇಳಿದ್ದೂ ಸೇರಿ. ಮುಖ ಬಿಳುಚಿಕೊಂಡಿತ್ತು, ಸೂಜಿ ಚುಚ್ಚುವ ತೋಳಿಗೆ ಇನ್ನೂ ಪಟ್ಟಿ ಸುತ್ತಿತ್ತು. ಬಾಗಿಲು ತೆಗೆದು, ಮಗನ ಭುಜ ಹಿಡಿದು ಇಳಿದಳು. ಸಂತೋಷನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯಾವೂರ್ಲಾ ನಿಂದು?"

ಸಂತೋಷ್ ಊರ್ಡಿಗೆರೆ ಕಡೆ ಅಂದ.

"ನಮ್ಮೂರಾಗೆ ಗುಡಿಯೊಳಕ್ಕೆ ನನ್ನ ಬುಡಾಕಿಲ್ಲ ಕಣಪ್ಪ. ಹೊಸ್ಲಿನಾಚೆ ನಿಂತ್ಕಂಡು ಕೈ ಮುಗ್ದು ಬರ್ಬೇಕು. ಅದ್ಕೇ ದೇವ್ರುನ್ನ ಕಾರಲ್ಲಿ ಮಡಿಕ್ಕಂಡಿರದು. ಆಗ ಬಂದಿದ್ಯಾ ನೀನು ನನ್ ಪರವಾಗಿ ಮಾತಾಡಕೆ?"

ಸಂತೋಷ್ ಅದು ಬೇರೆ ವಿಷಯ ಅಮ್ಮ ಅಂದ.

"ನಂಗೆ ಎಲ್ಲಾ ಒಂದೇ ವಿಷ್ಯ. ವಾರ್‌ದಾಗೆ ಮೂರ್ ಸಲ ಸೂಜಿ ಚುಚ್ಚುಸ್ಕಳಾಳು ನಾನು. ಹೋಗಿ ನಿನ್ ಯಾಪಾರ ನೋಡ್ಕ ಹೋಗು."

ಟೀ ಅಂಗಡಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಫೋನು ತೆಗೆದವನು ಅದನ್ನು ಜೇಬಿಗಿಳಿಸಿದ. ಸಂತೋಷ್ ತನ್ನ ಮಳಿಗೆಗೆ ಹೋದ.

ನರಸಿಂಹಮ್ಮ ಬೆಂಚಿನ ಮೇಲೆ ಕುಸಿದು ಕೂತಳು. ಸಂತೋಷನನ್ನು ಕಳಿಸಿದಷ್ಟು ಸಲೀಸಲ್ಲ ಮುಂದಿನದು. ನಯಾಜನನ್ನು ಕರೆದು, ಆ ದೀಪದಿಂದಲೇ ಕಾರು ನಿಲ್ಲುತ್ತಿರುವುದು ನಿಜವೋ, ಇಲ್ಲಾ ನಿನ್ನ ಕೆಲಸ ಹಗುರವಾಗಲಿ ಅಂತ ಹೇಳುತ್ತಿದ್ದೀಯೋ ಅಂತ ಕೇಳಿದಳು. ದೀಪದ್ದೇನೂ ತಪ್ಪಿಲ್ಲ ಅವ್ವ, ಅದಕ್ಕೆ ಕರೆಂಟ್ ತಗೊಂಡ ಜಾಗ ತಪ್ಪು, ನಿಮ್ಮ ಮಗ ಹೆರೆದಿರುವುದು ತಪ್ಪು ಅಂದ ಅವನು. ಬ್ಯಾಟರಿ ಕಳಚದೆ ಮಾಡಲು ಆಗುವುದೇ ಇಲ್ಲವೇ ಅಂದಳು. ಮಾಡುವವರು ಇದ್ದಾರೆ, ನಾನು ಮಾಡಲ್ಲ ಅಂದ.

"ಆರ್ಸುದ್ರೆ ನಂಗೇನೂ ಆಗಲ್ವಾ?"

ಅವನು ಆಗಲ್ಲ ಅಂತ ಹೇಳಬಹುದಿತ್ತು. ಹೇಳಿದ್ದರೆ ಭೀಮರಾಜ ಅವನ ಕಾಲಿಗೆ ಬೀಳುತ್ತಿದ್ದ. "ಅದು ನಂಗೊತ್ತಿಲ್ಲ ಅವ್ವ," ಅಂದ ನಯಾಜ್. "ಆರಿಸ್ದೇ ಇದ್ರೆ ನಾಡಿದ್ದು ಕಾರು ಮತ್ತೆ ನಿಲ್ತದೆ. ಅಷ್ಟು ಮಾತ್ರ ಗೊತ್ತು."

ಗುಬ್ಬಿ ಕಡೆಯ ಬಸ್ಸುಗಳು ಧೂಳೆಬ್ಬಿಸಿ ಹೋದವು. ಆಮೇಲೆ ಮುದುಕಿ ಮಗನಿಗೆ ದೇವರ ಪಟ ತಂದು ಕೊಡಲು ಹೇಳಿ, ಅದನ್ನು ಮಡಿಲಲ್ಲಿ ಇಟ್ಟುಕೊಂಡಳು. ದೀಪ ಡ್ಯಾಶ್‌ಬೋರ್ಡಿನ ಮೇಲೆ ಒಂಟಿಯಾಗಿ ಉರಿಯುತ್ತಿತ್ತು.

"ಬಿಚ್ಚು," ಅಂದಳು. ಅತ್ತ ನೋಡಲಿಲ್ಲ.

ನಯಾಜ್ ಬ್ಯಾಟರಿಯ ಕಪ್ಪು ವೈರಿನ ನಟ್ಟು ಸಡಿಲಿಸಿ ತೆಗೆದು, ಅದು ತಾನಾಗಿ ಜಾರಿ ತಗುಲದ ಹಾಗೆ ಚಿಂದಿ ಸುತ್ತಿ ಬದಿಗೆ ಕಟ್ಟಿದ. ದೀಪ ಆರಿತು. ಸದ್ದಿಲ್ಲ, ಹೊಗೆಯಿಲ್ಲ. ಭೀಮರಾಜ ತಾಯಿಯ ಮುಖವನ್ನೇ ನೋಡುತ್ತಿದ್ದ. ನಯಾಜ್ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಯಾಕೆ ಸುಮ್ಮನೆ ಕೂತೆ ಅಂತ ಅವಳು ಗದರಿದಳು. ಗಾಳಿಚೀಲದ ಪೆಟ್ಟಿಗೆಯಲ್ಲಿ ಇನ್ನೂ ಕರೆಂಟ್ ಉಳಿದಿರುತ್ತದೆ, ಅದು ಇಳಿದ ಮೇಲೇ ಮುಟ್ಟಬೇಕು ಅಂದ.

"ನಂಗೂ ಅಂಗೇಯ. ಮಿಶಿನ್‌ನಿಂದ ಬಿಚ್ಚುದ್ ತಕ್ಷಣ ಏಳಂಗಿಲ್ಲ ಅಂತಾರೆ."

ಇಬ್ಬರೂ ಹಾಗೇ ಕೂತರು.

ಆಮೇಲಿನದು ಬರೀ ಕೆಲಸ. ನಯಾಜ್ ಅಂಗಾತ ಮಲಗಿ ತಲೆಯನ್ನು ಪೆಡಲ್‌ಗಳ ನಡುವೆ ತೂರಿಸಿದ. ಹಳದಿ ಕೊಳವೆಯನ್ನು ಮುಟ್ಟದೆ, ದೀಪದ ವೈರು, ಬೆಂಕಿಕಡ್ಡಿ ಎರಡನ್ನೂ ಎಳೆದು ಬಿಸಾಕಿದ. ಜಡೆ ತಂತಿಗಳಿಗೆ, ತಂತಿ ಪರೀಕ್ಷಿಸುವ ತನ್ನ ಕೈಮೀಟರಿನ ಕಡ್ಡಿ ಹಿಡಿದಾಗ, ಕುಲುಕಿದ ಹಾಗೆಲ್ಲ ಅಂಕಿ ಕುಣಿಯುತ್ತಿತ್ತು. ಹೆರೆದ ಭಾಗವನ್ನು ಕತ್ತರಿಸಿ ತೆಗೆದು, ಅಷ್ಟೇ ಉದ್ದದ ಹೊಸ ತಂತಿ ಸೇರಿಸಿದ. ಎರಡು ತಂತಿಯ ಬೆಸುಗೆಗಳು ಅಕ್ಕಪಕ್ಕ ಬಾರದಂತೆ ಹಿಂದೆಮುಂದೆ ಮಾಡಿದ. ಬೆಸುಗೆ ಹಾಕಿ ಕೊಳವೆ ತೊಡಿಸಿದ ಮೇಲೆ ಹೊಸೆತ ಎಷ್ಟು ಬಿಗಿ ಇರಬೇಕು ಅನ್ನುವುದು ಮರೆತುಹೋಯಿತು. ಅಂಬ್ರೀನ್‌ಗೆ ಫೋನು ಮಾಡಿ ಕೇಳಿದ. ಅವಳು ಕ್ಲಾಸಿನಲ್ಲಿದ್ದಳು, ಪಿಸುದನಿಯಲ್ಲಿ, ಮೊದಲು ಹೇಗಿತ್ತೋ ಹಾಗೇ ಹೊಸೆಯಿರಿ ಅಬ್ಬಾ, ಬಿಡಿಯಾಗಿ ಬಿಟ್ಟರೆ ಪಕ್ಕದ ತಂತಿಗಳ ಗದ್ದಲ ಒಳಗೆ ಬರುತ್ತದೆ ಅಂತ ಬೈದು ಇಟ್ಟಳು. ಎರಡು ಸಲ ಬೆವರು ಕಣ್ಣಿಗಿಳಿದು ಕೈ ಬಿಟ್ಟ. ಒಂದು ಸಲ ಮಂಡಿ ಹಿಡಿದುಕೊಂಡಿತು, ಭೀಮರಾಜ ಕಾಲು ಎಳೆದು ನೇರ ಮಾಡಬೇಕಾಯಿತು. ಕೊನೆಗೆ ಕೈಮೀಟರು, ಇರಬೇಕಾದ ಅರವತ್ತು ಓಮ್‌ನ ಹತ್ತಿರ ನಿಂತು, ಎಷ್ಟು ಕುಲುಕಿದರೂ ಅಲ್ಲೇ ಇತ್ತು.

ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದರು. ಕೆಂಪು ಹಳದಿ ದೀಪಗಳು ಒಮ್ಮೆ ಹತ್ತಿ, ಒಂದೊಂದಾಗಿ ಆರಿದವು. ಭೀಮರಾಜ ಗುಬ್ಬಿ ಗೇಟಿನ ಹಂಪನ್ನು ಬೇಕೆಂದೇ ಮೂರು ನಾಲ್ಕು ಸಲ ಜೋರಾಗಿ ಹಾರಿಸಿಕೊಂಡು ಬಂದ. ಇಂಜಿನ್ನು ನಿಲ್ಲಲಿಲ್ಲ.

ದೇವರ ದೀಪಕ್ಕೆ ಫ್ಯೂಸ್ ಪೆಟ್ಟಿಗೆಯಿಂದ ಬೇರೆಯೇ ಕರೆಂಟ್ ಕೊಡಬಹುದು, ಮೊದಲಿನ ಹಾಗೆ ಸದಾ ಉರಿಯುತ್ತದೆ, ಕಾರಿಗೇನೂ ಆಗುವುದಿಲ್ಲ ಅಂತ ನಯಾಜ್ ಹೇಳಿದ. ಹೇಳುವಾಗ ಬಾಗಿಲಿಗೆ ಒರಗಿದ್ದ. ಅದಕ್ಕೆ ಇನ್ನೊಂದು ಸಲ ಕೆಳಗೆ ಮಲಗಬೇಕು ಅನ್ನುವುದನ್ನು ಹೇಳಲಿಲ್ಲ.

ನರಸಿಂಹಮ್ಮ ಪಟವನ್ನು ಸೆರಗಿನಿಂದ ಒರೆಸಿ ಜಾಗದಲ್ಲಿಟ್ಟಳು.

"ಬ್ಯಾಡ ಬುಡಪ್ಪ. ಆರಿ ಇಷ್ಟೊತ್ತಾಯ್ತು, ನಾನೇನ್ ಸತ್ನಾ? ಅದನ್ ಕಾಯದೂ ಒಂದ್ ಕೆಲ್ಸ ಆಗಿತ್ತು ನಂಗೆ. ರಾತ್ರಿಯೆಲ್ಲ ಎದ್ದೆದ್ದು ಬಂದು ಕಾರ್‌ನೊಳಿಕ್ಕೆ ಬಗ್ಗಿ ನೋಡದು. ಸಾಕಾಗೋಗಿತ್ತು."

ಭೀಮರಾಜನಿಗೆ ಇದು ಹೊಸ ಸುದ್ದಿ. ಅವಳು ಮನೆಗೆ ನಡಿ, ಮಲಗಬೇಕು ಅಂದಳು.

ಒಂದು ದಿನ ಬಿಟ್ಟು, ಬೆಳಗ್ಗೆ ನಯಾಜ್ ಶೆಡ್ಡಿನ ಮುಂದೆ ನೀರು ಚಿಮುಕಿಸುತ್ತಿದ್ದಾಗ ಆ ಕಾರು ಗುಬ್ಬಿ ಕಡೆಯಿಂದ ಬಂತು. ಹಂಪಿನಲ್ಲಿ ನಿಧಾನ ಮಾಡಿತು. ಹಿಂದಿನ ಸೀಟಿನಲ್ಲಿ ನರಸಿಂಹಮ್ಮ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು, ತಲೆ ಗಾಜಿಗೆ ತಗುಲಿ ಕುಲುಕುತ್ತಿತ್ತು. ಭೀಮರಾಜ ಒಂದು ಹಾರ್ನ್ ಹೊಡೆದು, ನಿಲ್ಲಿಸದೆ, ಆಸ್ಪತ್ರೆಯ ದಾರಿ ಹಿಡಿದ. ಪಕ್ಕದ ಮಳಿಗೆಯ ಸಂತೋಷ್ ಅದನ್ನು ನೋಡಿದ, ನಯಾಜ್ ನೋಡಿದ್ದನ್ನೂ ನೋಡಿದ, ಸೀಟ್ ಕವರುಗಳನ್ನು ಹೊರಗೆ ತೂಗುಹಾಕತೊಡಗಿದ. ಬೆಳ್ಳಾವಿಯಿಂದ ಬಂದ ಗೂಡ್ಸ್ ಆಟೋ ಒಂದು ಆಗಲೇ ಶೆಡ್ಡಿನ ಮುಂದೆ ಕಾದಿತ್ತು. ನಯಾಜ್ ಚಾಪೆ ಎಳೆದುಕೊಂಡು ಅದರ ಕೆಳಗೆ ಹೋದ.